ಬಾಗಿಲಿನ ಒಳಮೈ

ಇಟ್ಟದ್ದು ಕೆಡದಂತೆ ಒಳಗೆ ಕಾಲವೇ ನಿಲ್ಲುವ ಕಪಾಟಿನಲ್ಲಿ ಎಲ್ಲರೂ ಹಾಲು, ಮೊಸರು, ಮಲ್ಲಿಗೆ ದಂಡೆ ಇಡುತ್ತಾರೆ. ನಮ್ಮ ಪಕ್ಕದ ಮನೆಯ ಚನ್ನಬಸು ಕಾಕಾ ಪರವೂರಿಗೆ ಹೋಗುವಾಗಲೆಲ್ಲ ತಮ್ಮ ನಾಯಿ ಗೋಲಿಯನ್ನೂ ಅದರಲ್ಲಿಟ್ಟು ಹೋಗುತ್ತಿದ್ದರು. ಈ ಸಲ ಹನ್ನೊಂದನೆಯ ದಿನ ನಾನು ಅವರ ಮನೆಯ ಬೀಗ ಒಡೆದು ಗೋಲಿಯನ್ನು ನಮ್ಮ ಮನೆಗೆ ಕರೆತಂದೆ.

ಊರಿಂದ ಬಂದವರೇ ಕಾಕಾ ಕೂಗಾಡಿದರು. “ನನ್ನ ನಾಯಿ ಕೊಡವಾ! ಒಳಗ ಅದಕ್ಕ ಹಸಿವಿಲ್ಲ, ನೀರಡಿಕಿಲ್ಲ. ಕಣ್ಣ ಮುಚ್ಚಿ ತಗಿಯೂದ್ರಾಗ ಮುಗಿತೈತಿ.”

ನಾನು ಅವರನ್ನು ಅವರ ಮನೆಗೇ ಕರೆದೊಯ್ದು ಕಪಾಟು ತೆರೆದೆ. ಬಾಗಿಲಿನ ಒಳಮೈ ತುಂಬ ಗೋಲಿಯ ಉಗುರಿನ ಗೀರುಗಳಿದ್ದವು.

ನಾನು ಹಾಲಿನ ಪಾತ್ರೆಗಳನ್ನು ಹೊರಗಿಟ್ಟು ಜಾಗ ಮಾಡಿದೆ.

“ಕಣ್ಣ ಮುಚ್ಚಿ ತಗಿಯೂದ್ರಾಗ ಮುಗಿತೈತಿ ಅಲ್ರಿ? ಒಳಗ ಕುಂದರ್ರಿ ಕಾಕಾ, ಬಾಗಲಾ ನಾ ಹಾಕ್ತೀನಿ.”

ಕಾಕಾ ಹೊಸ್ತಿಲವರೆಗೂ ಹಿಂದೆ ಸರಿದರು. ಮತ್ತೆ ನಾಯಿಯನ್ನು ಕೇಳಲಿಲ್ಲ.