ಆಷಾಢದ ಅರ್ಜಿ

ಹುಟ್ಟಲಿರುವ ಮಕ್ಕಳ ಆರೋಗ್ಯವನ್ನು ತಾಯಿ ಬಸಿರಾಗುವ ಮೊದಲಿನಿಂದಲೇ ಗಮನಿಸುವ ಅಧ್ಯಯನವೊಂದಕ್ಕೆ ನಳಿನಾಕ್ಷಿ ಹೆಂಗಸರನ್ನು ಹುಡುಕುತ್ತಿದ್ದಳು. ಬಸಿರಾದವರನ್ನು ಸೇರಿಸುವಂತಿಲ್ಲ. ಆದರೆ ಯಾವ ಮನೆಗೆ ಹೋದರೂ ಅವಳಿಗಿಂತ ಮೊದಲೇ ಸಿಹಿಸುದ್ದಿ ಹೋಗಿ ಕೂತಿರುತ್ತಿತ್ತು. ಸಾಕಾಗಿ ಆಷಾಢಕ್ಕೆ ಕಾದಳು. ಹೊಸದಾಗಿ ಮದುವೆಯಾದವಳು ಗಂಡನನ್ನು ಬಿಟ್ಟು ತವರಲ್ಲಿರುವ ತಿಂಗಳು. ಈ ಸಲ ಎಲ್ಲಿ ತಪ್ಪಿಸಿಕೊಳ್ಳುತ್ತಾರೆ?

"ಅಳಿಯಂದ್ರು ಬಂದಿದ್ರಾ ಅಮ್ಮ?" ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ತವರಿಗೆ ಹೋಗಿ ಕೇಳಿದಳು.

"ಆಷಾಢದಲ್ಲಾ? ಬಿಡ್ತು ಅನ್ನಿ ಮೇಡಂ! ಮೂರು ವಾರದಿಂದ ಅವರ ನೆರಳೂ ಈ ಹೊಸ್ತಿಲು ದಾಟಿಲ್ಲ," ಎಂದರು ಹುಡುಗಿಯ ತಾಯಿ. "ಪಾಪ, ಇವಳಿಗೆ ಅದೇ ಕೊರಗು. ತಟ್ಟೆ ಹಿಡ್ಕೊಂಡು ಮಹಡಿಗೆ ಹೋಗಿ ಒಬ್ಳೇ ಉಣ್ತಾಳೆ. ಊಟ ಮಾತ್ರ ಎರಡಾಳಿಂದು!"

ಎರಡಾಳಿನ ಊಟ ಎಂದರೆ ಬಸಿರೇ ಇರಬೇಕು ಎಂದು ನಳಿನಾಕ್ಷಿಗೆ ಅನುಮಾನ ಬಂತು. ಇದೂ ಕೈತಪ್ಪಿತು ಎಂದುಕೊಂಡೇ ಪರೀಕ್ಷೆ ಮಾಡಿಸಿದಳು. ಪಟ್ಟಿಯ ಮೇಲೆ ಒಂದೇ ಗೆರೆ. ಬಸಿರಿಲ್ಲ! ದೇವರು ದೊಡ್ಡವನು ಎಂದು ಅರ್ಜಿ ತೆಗೆದವಳು ಕೊನೆಯ ಪುಟ ನೋಡಿ ಮುಖ ಸಣ್ಣದು ಮಾಡಿದಳು.

"ಗಂಡನ ಎತ್ತರ, ತೂಕ, ಸಹಿ ಬೇಕಿತ್ತು. ಇನ್ನು ಶ್ರಾವಣದವರೆಗೆ ಕಾಯ್ಬೇಕು. ಆಮೇಲೆ ನೀವೂ ಸಿಹಿಸುದ್ದಿ ಕೊಡ್ತೀರಿ, ನನಗೆ ಸಿಕ್ಕ ಹಾಗೇ!"

"ಕೊಡಿ ಇಲ್ಲಿ, ತುಂಬ್ಕೊಂಡು ಬರ್ತೀನಿ," ಎಂದು ಹುಡುಗಿ ಅರ್ಜಿ ಕಿತ್ತುಕೊಂಡು ಮಹಡಿ ಹತ್ತಿದಳು.

"ನೋಡಿ, ಗಂಡನ ತೂಕವೂ ಬಾಯಿಪಾಠ ಇವಳಿಗೆ," ಎಂದು ತಾಯಿ ಹೆಮ್ಮೆಯಿಂದ ನಕ್ಕರು.

ಮೇಲಿನಿಂದ, ಪಿಸುಗುಟ್ಟಲು ಬಾರದ ಗಂಡಸಿನ ದನಿಯೊಂದು ಇಳಿದು ಬಂತು:

"ತೂಕ ಮದುವೆ ದಿನದ್ದು ಬರೀಲಾ, ನಿಮ್ಮಮ್ಮನ ಮುದ್ದೆ ತಿಂದ ಮೇಲಿಂದಾ?"