ಬೇಗ ಕೆಡುವ ಸರಕು

ಬಂದರಿಗೆ ಹೋಗುವ ಚಾಲಕರಿಲ್ಲದ ಲಾರಿಗಳ ಸಾಲು ಜಲಜಕ್ಕನ ಮನೆಯೆದುರು ಬಂದು ನಿಂತು ಆರು ವರ್ಷವಾಗಿತ್ತು. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಬಂದರಿನ ಚೀಟಿ ಅಂಟಿಸಿದ ಸರಕು ಕಂಡರೆ ಮಾತ್ರ ಅವು ದಾರಿ ಬಿಡುತ್ತಿದ್ದವು. ಹೆರಿಗೆ ನೋವು ಶುರುವಾದ ಸೊಸೆಯನ್ನು ಜಲಜಕ್ಕ ಮೀನಿನ ಕೈಗಾಡಿಯಲ್ಲಿ ಮಲಗಿಸಿ, ಊರಿನ ಈಗಿನ ವಾಡಿಕೆಯಂತೆ, ಹೊಟ್ಟೆಯ ಮೇಲೆ ‘ಬೇಗ ಕೆಡುವ ಸರಕು: ಬಂಗುಡೆ’ ಎಂಬ ಚೀಟಿ ಅಂಟಿಸಿದಳು. ಲಾರಿಗಳು ತೆಪ್ಪಗೆ ಸರಿದವು.

ರಸ್ತೆಯಾಚೆ ಬಂದರಿನ ಅಧಿಕಾರಿ ಗಾಡಿಗೆ ಅಡ್ಡ ನಿಂತ. “ಸುಳ್ಳು ಚೀಟಿ ಅಂಟಿಸುವುದು ಅಪರಾಧ ಅಂತ ಗೊತ್ತುಂಟಾ ನಿಮಗೆ?”

“ಗೊತ್ತುಂಟು ಮಾರಾಯ. ಹೋದ ವರ್ಷ ನನ್ನ ಯಜಮಾನರಿಗೆ ಎದೆನೋವು ಬಂದಾಗ ‘ಮನುಷ್ಯ’ ಅಂತ ನಿಜವನ್ನೇ ಬರೆದು ಅಂಟಿಸಿದ್ದೆ. ನಿನ್ನ ಲಾರಿಗಳು ಅಲುಗಲಿಲ್ಲ. ಇದೇ ಗಾಡಿಯಲ್ಲಿ ಅವರು ಜೀವ ಬಿಟ್ಟರು. ಈಗ ಆಚೆ ಸರಿ, ಬಂಗುಡೆ ಕೆಡ್ತದೆ.”