ಫ್ಯೂಸಿಗೆ ಸುತ್ತಿದ ಬೆಳ್ಳಿ ಕಾಗದ

ವೈರು ಸುಟ್ಟ ವಾಸನೆ ಬಂದರೆ ಈಗಲೂ ನಾನು ಮೊದಲು ಬಾಗಿಲಿನ ಹಿಡಿ ಹುಡುಕುತ್ತೇನೆ.

ಆ ಮಧ್ಯಾಹ್ನ ಅಜ್ಜಂಪುರದ ರೈಲ್ವೆ ಗೇಟಿನ ಬಳಿ ಚಿಕ್ಕಪ್ಪನ ಹಳೆಯ ಪಿಕಪ್ಪಿನ ಫ್ಯೂಸು ಮತ್ತೆ ಸುಟ್ಟುಹೋಗಿತ್ತು. ಆರು ವರ್ಷದ ನಾನು ಕೆಳಗಿಳಿದು ನಿಂತಿದ್ದೆ. ಅವನು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಉಗುರಿನಿಂದ ನೀವಿ, ಅದೇ ಫ್ಯೂಸಿಗೆ ಸುತ್ತಿದ.

"ಬೀರೂರಲ್ಲಿ ಹೊಸದು ಹಾಕ್ಸಿ ಕಣ್ರೀ," ಎಂದಳು ಒಳಗೆ ಕೂತಿದ್ದ ಚಿಕ್ಕಮ್ಮ.

"ಅಲ್ಲೀಗಂಟ ನೀನು ತಳ್ತೀಯೇನೇ?" ಎಂದು ನಗುತ್ತಾ ಅವನು ಕೀ ತಿರುಗಿಸಿದ.

ಸ್ಟೇರಿಂಗಿನ ಕೆಳಗಿಂದ ಹೊಗೆ, ಹಿಂದೆಯೇ ಬೆಂಕಿ ಎದ್ದಿತು. ಅವನು ಹೊರಕ್ಕೆ ಹಾರಿ ಚಿಕ್ಕಮ್ಮನ ಕಡೆಯ ಬಾಗಿಲಿಗೆ ಓಡಿದ. ಆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಎಳೆದ ರಭಸಕ್ಕೆ ಹಿಡಿ ಕಿತ್ತು ಅವನ ಕೈಗೆ ಬಂತು. ಜನ ಕಲ್ಲು ಹುಡುಕುತ್ತಿದ್ದರು. ಚಿಕ್ಕಮ್ಮ ಗಾಜಿಗೆ ಮುಖವೊತ್ತಿ ನನ್ನನ್ನೇ ನೋಡಿದಳು.

"ಮಗು ನೋಡ್ತೈತೆ," ಎಂದು ಕೂಗಿದಳು. "ಅತ್ಲಾಗೆ ಕರ್ಕಂಡು ಹೋಗ್ರೀ!"

ಯಾರೋ ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚಿದರು. ಕಿವಿ ಮುಚ್ಚಲು ಯಾರಿಗೂ ತೋಚಲಿಲ್ಲ.